ಉಬ್ಬರಕ್ಕೆ ಬಾಗಿಲು ತೆರೆಯುವ ಗಜನಿ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಸಿಗಡಿ ಕೊಳ್ಳಲು ಬರುವವರು ಕೇಳುವುದು ಬೆಲೆಯನ್ನು ಮಾತ್ರ. ಅದು ಬೆಳೆದದ್ದೆಲ್ಲಿ ಎಂದು ಜೊತೆಗೆ ಬಂದ ಮಕ್ಕಳು ಕೇಳಿದರೆ 'ಸಮುದ್ರದಲ್ಲಿ' ಎಂಬ ಉತ್ತರ ಸಾಲದು. ಎಷ್ಟೋ ಜಾತಿಯ ಸಿಗಡಿ, ಮೀನುಗಳು ಬಾಲ್ಯ ಕಳೆಯುವುದು ನದಿ ಕಡಲು ಸೇರುವ ಅಳಿವೆಯ ಉಪ್ಪು ಜೌಗಿನಲ್ಲಿ. ಅದನ್ನು ಕಣ್ಣಾರೆ ಕಾಣಬೇಕಾದರೆ ರಜೆಯಲ್ಲಿ ಉತ್ತರ ಕನ್ನಡದ ಕುಮಟಾಕ್ಕೆ ಹೋಗಬೇಕು.

ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ತಡೆಯಿರುವುದು ಕೊನೆಯಲ್ಲಿ, ಅಳಿವೆಯಂಚಿನಲ್ಲಿ. ಮಿರ್ಜಾನ್ ಕೋಟೆ ನೋಡಿಕೊಂಡು ಹೊಳೆಯತ್ತ ಇಳಿದರೆ ಒಡ್ಡುಗಳ ಹಿಂದೆ ಹರಡಿದ ತಗ್ಗು ಗದ್ದೆಗಳು ಕಾಣುತ್ತವೆ. ಇವೇ ಗಜನಿ. ಇಲ್ಲಿಯ ಉಪ್ಪು ಸಹಿಸುವ ಭತ್ತದ ಹೆಸರು ಕಗ್ಗ. (ಡಿ.ವಿ.ಜಿ.ಯವರ ಕಗ್ಗವಲ್ಲ, ಇದು ಉಣ್ಣುವ ಕಗ್ಗ!) ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ. ಗೊಬ್ಬರದ ಮಾತಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸುತ್ತಾರೆ; ನಿಂತ ಹುಲ್ಲು ನೀರಲ್ಲಿ ಕೊಳೆತು ಮೀನಿಗೆ ಮೇವಾಗುತ್ತದೆ. ಆಮೇಲೆ ತೂಬಿನ ಹಲಗೆ ಎತ್ತಿದರೆ ಉಬ್ಬರದ ನೀರಿನೊಡನೆ ಮೀನು, ಸಿಗಡಿಯ ಮರಿಗಳು ಒಳಬರುತ್ತವೆ. ಮಳೆಗಾಲದಲ್ಲಿ ಗದ್ದೆಯಾಗಿದ್ದದ್ದು ಬೇಸಿಗೆಗೆ ಮೀನಿನ ಕೊಳ.

ಹಿಂದೆ ರೈತರೇ ಒಟ್ಟಾಗಿ ವರ್ಷ ವರ್ಷವೂ ಮಣ್ಣಿನ ಒಡ್ಡು ದುರಸ್ತಿ ಮಾಡುತ್ತಿದ್ದರು. ಹೊರಬದಿಯ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೆಯುತ್ತಿದ್ದವು. 1970ರ ದಶಕದಲ್ಲಿ ಸರ್ಕಾರ ಶಾಶ್ವತ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಕಾಂಡ್ಲಾ ಕ್ಷೀಣಿಸಿತು, ಒಡ್ಡು ನೋಡಿಕೊಳ್ಳುವ ಊರಿನ ಕಟ್ಟುಪಾಡು ಸಡಿಲವಾಯಿತು. ಮುಂದೆ ಸಿಗಡಿ ಕೃಷಿಯ ಆಸೆಗೆ ಹಲವು ಗಜನಿಗಳು ಭತ್ತ ಮರೆತವು. ರೋಗ ತಗಲಿ ಸಿಗಡಿಯೂ ಕೈಕೊಟ್ಟಿತು.

ಅರಣ್ಯ ಇಲಾಖೆ ಇಲ್ಲಿ ಕಾಂಡ್ಲಾ ನೆಡಿಸುತ್ತ ಬಂದಿದೆ. ಗಿಡ ನೆಟ್ಟರಷ್ಟೇ ಆಗದು, ನೀರು ದಿನಕ್ಕೆರಡು ಸಲ ಬಂದು ಹೋಗಬೇಕು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ರಸ್ತೆಯಡಿಯ ಕಿರಿದಾದ ಮೋರಿಗಳಿಂದ ಸೊರಗಿದ ಜೌಗುಗಳನ್ನು ಮೋರಿ ಹಿಗ್ಗಿಸಿಯೇ ಬದುಕಿಸಿದರು. ಕುಮಟಾದ ಲೆಕ್ಕ ಇನ್ನೂ ತೊಡಕಿನದು. ಮಳೆಗಾಲದಲ್ಲಿ ಉಪ್ಪುನೀರು ನುಗ್ಗಿದರೆ ಕಗ್ಗಕ್ಕೆ ಕುತ್ತು, ಸದಾ ಮುಚ್ಚಿಟ್ಟರೆ ಮೀನಿಗೆ. ತೂಬನ್ನು ಯಾವಾಗ, ಎಷ್ಟು ಎತ್ತಬೇಕೆಂಬುದು ಹಳಬರಿಗೆ ಗೊತ್ತಿತ್ತು. ಆ ತಿಳಿವಳಿಕೆಯೂ ಕಾಂಡ್ಲಾದಷ್ಟೇ ಅಪರೂಪವಾಗುತ್ತಿದೆ. ಮಾಣಿಕಟ್ಟದ ಕೆಲವು ರೈತರು ಕಗ್ಗ ಉಳಿಸಿಕೊಂಡು ಬಂದಿದ್ದಾರೆ. 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು.

ಹೋಗುವವರು ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೊಳೆಯ ಮರಳಿನಲ್ಲಿ ಬಾಗಿ ಚಿಪ್ಪಿಕಲ್ಲು ಹೆಕ್ಕುವವರು ಕಾಣುವುದು ಆಗಲೇ. ಕಾಲಿಗೆ ಕೆಸರು ಮೆತ್ತುತ್ತದೆ, ಹಳೆಯ ಚಪ್ಪಲಿ ಸಾಕು.