ತಪಸ್ಸು ಕಾಲದ ಕೆಲವು ಪುಟಗಳು

30 ಮಾರ್ಚ್ 2025, ಭಾನುವಾರ, ಅರಸೀಕೆರೆ

ಇವತ್ತು ಯುಗಾದಿ. ಪಕ್ಕದ ಮನೆಯವರು ಬೇವು-ಬೆಲ್ಲದ ಜೊತೆ ಒಬ್ಬಟ್ಟನ್ನೂ ಕೊಟ್ಟು ಹೋದರು. ಚರ್ಚಿನ ಪೂಜೆಯಲ್ಲಿ ದುಂದುಗಾರ ಮಗನ ಸಾಮತಿ. ಮಗ ಮನೆಗೆ ಬಂದಾಗ ಅಪ್ಪ ಹಳೆಯ ಲೆಕ್ಕವನ್ನೇ ಎತ್ತಲಿಲ್ಲ. ಲೆಕ್ಕ ಇಟ್ಟುಕೊಂಡ ಅಣ್ಣನೇ ಅಂಗಳದಲ್ಲಿ ನಿಂತುಬಿಟ್ಟ.

ಚರ್ಚಿನಿಂದ ಬರುವಾಗ ದೊಡ್ಡಮ್ಮ ಮತ್ತೆ ತಮ್ಮ ಹಳೆಯ ಊರು ಶೆಟ್ಟಿಹಳ್ಳಿಯ ಮಾತು ತೆಗೆದರು. "ಅಲ್ಲಿ ಜಪಸರ ಹೇಳಿದ ಬಾಯಿಗೆ ಇಲ್ಲಿಯದು ರುಚಿಸಲ್ಲ ಕಣಪ್ಪ" ಎಂದರು. ಬುಧವಾರ ಕರೆದುಕೊಂಡು ಹೋಗುತ್ತೇನೆ ಎಂದೆ.

2 ಏಪ್ರಿಲ್, ಬುಧವಾರ

ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರು ಇಳಿದಿತ್ತು. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಒಣ ನೆಲದ ಮೇಲೆ ನಿಂತಿದೆ. ಗೊರೂರು ಅಣೆಕಟ್ಟಿನ ನೀರು ಬಂದ ಮೇಲೆ ಮಳೆಗಾಲದಲ್ಲೆಲ್ಲ ಅದು ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಚಾವಣಿ ಇಲ್ಲ. ಕಂಬಗಳ ಮೇಲೆ ನೀರು ನಿಂತ ಗೆರೆಗಳು ಒಂದರ ಮೇಲೊಂದು, ಕೆಳಗಿನವು ಹಸಿರು, ಮೇಲಿನವು ಕೆಮ್ಮಣ್ಣು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಹಿರಿಯರು ಹೇಳುತ್ತಾರೆ. ದೊಡ್ಡಮ್ಮ ಇಟ್ಟಿಗೆಯ ಸಂದಿಯನ್ನು ಉಗುರಿನಿಂದ ಕೆರೆದು ನೋಡಿದರು, ಪುಡಿ ಉದುರಲಿಲ್ಲ.

ಬಲಿಪೀಠ ಇದ್ದ ಜಾಗದಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿದ್ದ ಜೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ದೊಡ್ಡಮ್ಮ ಅತ್ತರು. ಆಮೇಲೆ ತಾವಾಗಿಯೇ, "ನೀರು ಬಂತು ಅಂತ ಯಾರೂ ದೇವರನ್ನ ಬಿಡಲಿಲ್ಲ. ಮೇಲಿನ ಊರಿಗೆ ಹೋಗಿ ಮೊದಲು ಚಪ್ಪರದ ಕೆಳಗೇ ಪೂಜೆ ಮಾಡಿಸಿದ್ವಿ" ಎಂದರು. ಚರ್ಚಿನ ಚೆಲುವನ್ನು ನೂರು ಸಲ ಹೇಳಿದ್ದ ಅವರು ಈ ಚಪ್ಪರದ ಮಾತನ್ನು ಇದುವರೆಗೆ ಹೇಳಿರಲಿಲ್ಲ.

5 ಏಪ್ರಿಲ್, ಶನಿವಾರ

ಬೆಂಗಳೂರಿನಿಂದ ಬಂದ ನೆಂಟರಿಗೆ ಹಳೇಬೀಡು, ಬೇಲೂರು ತೋರಿಸಿದೆ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರನ ದಂಡು ಬಂದ ಮೇಲೆ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಮೊದಲಿನಂತಾಗಲಿಲ್ಲ. ಗೋಡೆಯ ಆನೆಸಾಲು ನೋಡುತ್ತ ನಡೆದರೆ ಬೆಳಿಗ್ಗೆಯೇ ಮುಗಿದುಹೋಗುತ್ತದೆ.

ಬೇಲೂರಿನದು ಬೇರೆ. 1117ರ ಗುಡಿಯಲ್ಲಿ ನಮ್ಮಂಥ ನೋಡುಗರನ್ನು ದಾಟಿಕೊಂಡು ತುಳಸಿ ಹಿಡಿದವರು ದರ್ಶನಕ್ಕೆ ಹೋಗುತ್ತಿದ್ದರು. ರಥೋತ್ಸವವೂ ಹತ್ತಿರ. ಅವರ ದೇವರು ನನ್ನ ದೇವರಲ್ಲ, ಆದರೆ ಒಂಬೈನೂರು ವರ್ಷ ದಿನದಿನದ ಪೂಜೆ ನಡೆಸಿಕೊಂಡು ಬಂದ ನಿಷ್ಠೆಗೆ ತಲೆಬಾಗುತ್ತೇನೆ. ಇವತ್ತಿನ ಪೂಜೆ ಇವತ್ತಿನವರೇ ಮಾಡಬೇಕು.

6 ಏಪ್ರಿಲ್, ಭಾನುವಾರ

ತಪಸ್ಸು ಕಾಲದ ಐದನೇ ಭಾನುವಾರ. ಮೂರು ವಾಚನಗಳೂ ಒಂದೇ ಕಡೆ ತಿರುಗಿದ್ದವು. ಯೆಶಾಯನಲ್ಲಿ, ಕೆಂಪು ಸಮುದ್ರ ಸೀಳಿದ ದೇವರೇ ಹಳೆಯದನ್ನು ನೆನೆಯಬೇಡಿ ಎನ್ನುತ್ತಾನೆ. ಇಸ್ರಯೇಲರ ಪಾಲಿಗೆ ಅದಕ್ಕಿಂತ ದೊಡ್ಡ ನೆನಪು ಯಾವುದಿತ್ತು? ಶುಭಸಂದೇಶದಲ್ಲಿ ಯೇಸು, ಕಲ್ಲು ಹೊಡೆಯಲು ಎಳೆತಂದ ಹೆಂಗಸನ್ನು ಹೋಗೆಂದು ಕಳಿಸುತ್ತಾನೆ, ಇನ್ನು ಪಾಪ ಮಾಡಬೇಡ ಎಂದಷ್ಟೇ ಹೇಳಿ. ಫಿಲಿಪ್ಪಿಯರಿಗೆ ಬರೆದ ಪೌಲನಂತೂ ಸೆರೆಯಲ್ಲಿದ್ದ. ಅಲ್ಲಿಂದಲೇ ಓಟದ ಮಾತಾಡುತ್ತಾನೆ, ಹಿಂದಿನದನ್ನು ಮರೆತು ಗುರಿಯತ್ತ ಓಡುತ್ತಿದ್ದೇನೆ ಎಂದು. ಅವನು ಮರೆತದ್ದು ತನ್ನ ಪಾಪವನ್ನಷ್ಟೇ ಅಲ್ಲ, ತನ್ನ ಕುಲ, ಪಾಂಡಿತ್ಯದ ಹೆಮ್ಮೆಯನ್ನೂ. ಎರಡನೆಯದೇ ಕಷ್ಟ.

ಮರುಭೂಮಿಯಲ್ಲಿ ಇಸ್ರಯೇಲರು ಈಜಿಪ್ಟಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅತ್ತರು. ಅಲ್ಲಿನ ಜೀತ ನೆನಪಾಗಲಿಲ್ಲ. ನಮ್ಮ ಧರ್ಮಕೇಂದ್ರದ ಹಿರಿಯರೂ, ನಾನೂ ಸೇರಿ, ಮೊದಲೆಲ್ಲ ಚರ್ಚು ತುಂಬಿರುತ್ತಿತ್ತು ಎಂದು ಹೇಳುತ್ತಲೇ ಇರುತ್ತೇವೆ. ಮುಂದಿನ ಬೆಂಚಿನ ಮಕ್ಕಳಿಗೆ ಆ ಮಾತಿನಿಂದ ಏನು ಸಿಗುತ್ತದೆ? ಅವರಿಗೆ ಕ್ರಿಸ್ತ ನಾಳೆ ಸಿಗಬೇಕಾದವನು.

8 ಏಪ್ರಿಲ್, ಮಂಗಳವಾರ

ಧರ್ಮೋಪದೇಶ ತರಗತಿಗೆ ಜನ ಬೇಕೆಂದು ಫಾದರ್ ಕೇಳಿದ್ದರು. ಒಪ್ಪಿಕೊಂಡೆ. ದೊಡ್ಡಮ್ಮನೂ ಬರುತ್ತಾರಂತೆ, ಮಕ್ಕಳಿಗೆ ಜಪಸರ ಕಲಿಸಲು. ಪಾಸ್ಕ ಹಬ್ಬ 20ಕ್ಕೆ, ತರಗತಿ ಅದರ ಮುಂದಿನ ಭಾನುವಾರದಿಂದ.