ಮೊದಲು ಕೈ, ಆಮೇಲೆ ಸ್ಕ್ರಿಪ್ಟ್

ಜಿಲ್ಲೆಯ ಸುದ್ದಿ ಬರೆಯುವ ನಾವು ರೂಟರ್ ವಿಷಯ ಬರೆಯಲು ಕಾರಣವಿದೆ. ನಮ್ಮ ತಮ್ಮ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿದ್ದಾನೆ. ಊರಿನ ಇನ್ನೂ ನಾಲ್ವರು ಅವನ ಜೊತೆಗಿದ್ದಾರೆ. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗಳು ಇವು. ಹಾಗಾಗಿ ಅವರ ಜಗಳ ನಮ್ಮದೂ ಆಗಿದೆ: ಕಮಾಂಡುಗಳನ್ನು ಒಂದೊಂದಾಗಿ ಟೈಪ್ ಮಾಡಿ ಕಲಿಯಬೇಕೋ, ಸ್ಕ್ರಿಪ್ಟ್ ಬರೆದು ಒಮ್ಮೆಲೇ ಹಾಕಬೇಕೋ?

ಸ್ಕ್ರಿಪ್ಟ್ ಪರ ಇರುವವರ ಮಾತು ಸುಳ್ಳಲ್ಲ. ನೂರಾರು ಸ್ವಿಚ್‌ಗಳಿರುವ ಕಡೆ ಕೈಯಲ್ಲಿ ಟೈಪ್ ಮಾಡುತ್ತಾ ಕೂತರೆ ಎಲ್ಲೋ ಒಂದು ಅಂಕಿ ತಪ್ಪೇ ತಪ್ಪುತ್ತದೆ. ಅದಕ್ಕೇ ಆನ್ಸಿಬಲ್, ಪೈಥಾನ್ ಬಂದಿವೆ. ಸಿಸಿಎನ್‌ಎ ಪಠ್ಯದಲ್ಲೇ ಆಟೊಮೇಷನ್‌ಗೆ ಶೇ. 10ರಷ್ಟು ಪಾಲಿದೆ.

ಆದರೆ ಹೊಸ ಸಿಸ್ಕೊ ರೂಟರಿನ ಪೋರ್ಟ್ ಮೊದಲಿಗೆ ಬಂದ್ ಇರುತ್ತದೆ. ಐಪಿ ವಿಳಾಸ ಸರಿ, ಕೇಬಲ್ ಸರಿ. 'ನೋ ಶಟ್‌ಡೌನ್' ಕೊಡದಿದ್ದರೆ ಲಿಂಕ್ ಏಳುವುದಿಲ್ಲ. ಇದನ್ನು ಅರ್ಧ ಗಂಟೆ ಹುಡುಕಿದವರು ಜನ್ಮದಲ್ಲಿ ಮರೆಯುವುದಿಲ್ಲ. ಬೇರೆಯವರ ಸ್ಕ್ರಿಪ್ಟ್ ಹಾಕಿದವರಿಗೆ ಆ ಸಾಲು ಯಾಕಿದೆ ಎಂದೇ ಗೊತ್ತಿರುವುದಿಲ್ಲ.

ನಮ್ಮ ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರ್ ನೆನಪಿಸಿಕೊಳ್ಳಿ. ರಾತ್ರಿ ಕರೆಂಟ್ ಬಂದರೆ ಮೋಟಾರ್ ತಾನೇ ಶುರುವಾಗುತ್ತದೆ, ನಿದ್ದೆ ಉಳಿಯುತ್ತದೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಶುರುವಾಗುತ್ತದೆ! ಅದಕ್ಕೆ ತಡೆ ಹಾಕಿಸಿರಬೇಕು, ತಡೆ ಕೆಟ್ಟರೆ ಗುರುತಿಸಲು ಬರಬೇಕು.

ದೊಡ್ಡವರಿಗೂ ಇದೇ ಪಾಡು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮ ಫೋನುಗಳಲ್ಲಿ ವಾಟ್ಸಾಪ್ ನಿಂತಿದ್ದು ನೆನಪಿದೆಯೇ? ನಿರ್ವಹಣೆ ವೇಳೆ ಕೊಟ್ಟ ಒಂದು ಕಮಾಂಡ್ ಫೇಸ್‌ಬುಕ್‌ನ ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೇ ಕಡಿದಿತ್ತು. ಅಂಥ ಕಮಾಂಡನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೇ ದೋಷವಿತ್ತು. ದೂರದಿಂದ ಸರಿಪಡಿಸಲಾಗದೆ ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು.

ಆದ್ದರಿಂದ ಕಲಿಯುವ ಮಕ್ಕಳಿಗೆ ನಾವು ಹೇಳುವುದು ಇಷ್ಟು. ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ, ರೂಟರ್ ಕೊಳ್ಳಬೇಕಿಲ್ಲ. ಒಂದೇ ಲ್ಯಾಬನ್ನು ನೋಟ್ಸ್ ನೋಡದೆ ಕಟ್ಟುವಷ್ಟು ಸಲ ಕೈಯಲ್ಲೇ ಕಟ್ಟಿ. ಬಳಿಕ ಬೇಕೆಂದೇ ಕೆಡಿಸಿ: ಓಎಸ್‌ಪಿಎಫ್‌ನಲ್ಲಿ ಒಂದು ಕಡೆಯ ಏರಿಯಾ ಸಂಖ್ಯೆ ಬದಲಿಸಿ, ಪಕ್ಕದ ರೂಟರ್ ಯಾಕೆ ಮಾತು ಬಿಟ್ಟಿತು ಎಂದು 'ಶೋ' ಕಮಾಂಡುಗಳಿಂದ ಹುಡುಕಿ. ಅದಾದ ಮೇಲೆ ಅದೇ ಲ್ಯಾಬಿಗೆ ಸ್ಕ್ರಿಪ್ಟ್ ನೀವೇ ಬರೆಯಿರಿ.

ಹೆತ್ತವರಿಗೂ ಒಂದು ಮಾತು. 'ರೆಡಿ ಸ್ಕ್ರಿಪ್ಟ್ ಕೊಡುತ್ತೇವೆ, ಪಾಸ್ ಗ್ಯಾರಂಟಿ' ಎನ್ನುವ ಕೋಚಿಂಗಿಗೆ ದುಡ್ಡು ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಲಿಂಕ್ ಕೆಟ್ಟರೆ ನಮ್ಮ ಹುಡುಗ ಹುಡುಗಿ ತಾವೇ ಹುಡುಕಿ ಸರಿಮಾಡುವಷ್ಟು ಕಲಿಸುತ್ತೀರಾ?