ನೊಣ ನುಡಿಯುವ ಸಾಕ್ಷ್ಯ



ತತ್ತಿ, ಮರಿಹುಳು, ಕೋಶ, ನೊಣ. ಕಪ್ಪುಹಲಗೆಯ ಮೇಲೆ ನಾನು ಬಿಡಿಸುತ್ತಿದ್ದ ಆ ನಾಲ್ಕು ಚಿತ್ರಗಳು ನಿಮಗೆ ನೆನಪಿರಬಹುದು. ಸಾವಿನ ವೇಳೆಯನ್ನು ತಿಳಿಯಲು ಅವೇ ನೆರವಾಗುತ್ತವೆ ಎಂಬುದನ್ನು ಅಂದು ಪಾಠದಲ್ಲಿ ಹೇಳಿರಲಿಲ್ಲ.

ಮೃತದೇಹ ಎಷ್ಟು ತಣಿದಿದೆ ಎಂಬುದರಿಂದ ವೈದ್ಯರು ವೇಳೆಯನ್ನು ಅಂದಾಜು ಮಾಡುತ್ತಾರೆ. ಆ ಲೆಕ್ಕ ಸಲ್ಲುವುದು ಹೆಚ್ಚುಕಡಿಮೆ ಮೊದಲ ದಿನಕ್ಕೆ ಮಾತ್ರ. ರೋಣ, ನರಗುಂದಗಳ ಎರೆಭೂಮಿಯಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ದೇಹ ತಣಿಯುವುದಾದರೂ ಹೇಗೆ?

ಬಹಳ ಹಿಂದೆ ಗಜೇಂದ್ರಗಡದ ಕಡೆಯ ಹಳ್ಳಿಯೊಂದರ ಹೊಲದಲ್ಲಿ ಹೆಣವೊಂದು ಸಿಕ್ಕಿತು. ಸತ್ತವನೊಡನೆ ಜಗಳವಾಡಿದ್ದ ಕೂಲಿಯವನ ಮೇಲೆ ಸಂಶಯ ಬಂತು. ಆತ ಜಗಳದ ಮರುದಿನವೇ ಸುಗ್ಗಿಗೆಂದು ಪರವೂರಿಗೆ ಹೋಗಿದ್ದ. ಸಾವು ಅದಕ್ಕೆ ಮೊದಲೋ, ಆಮೇಲೋ? ಹೇಳುವವರಿರಲಿಲ್ಲ. ಅಪರಾಧ ರುಜುವಾಗಲಿಲ್ಲ, ಆದರೆ ಊರಿನವರು ಅವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಒಂದು ದಿನದ ಅಂತರ ಒಂದು ಸಂಸಾರವನ್ನೇ ಕೆಡಿಸಿತು.

ಹಸಿರು ಮಿಂಚಿನ ಮಾಂಸದ ನೊಣ ಹಗಲಾದರೆ ಹೆಣದ ಮೇಲೆ ಬೇಗನೆ ತತ್ತಿಯಿಡುತ್ತದೆ. ಹುಳುವಿನ ವಯಸ್ಸು ತಿಳಿದರೆ ಸಾವು ಕನಿಷ್ಠ ಎಷ್ಟು ದಿನದ ಹಿಂದಿನದೆಂದು ತಿಳಿದಂತೆ. ಗಾತ್ರವನ್ನಷ್ಟೇ ನೋಡಿದರೆ ಮೋಸಹೋಗಬಹುದು. ಅಲ್ಲಿ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಕೀಟದ ಮೈಮೇಲೆ ತೇವ ಆರದಂತೆ ಕಾಯುವ ಮೇಣದಂಥ ಲೇಪವಿದೆ. ಅದರಲ್ಲಿ ಇಂಗಾಲದ ಸರಪಳಿಗಳಾದ ಹೈಡ್ರೋಕಾರ್ಬನ್‌ಗಳಿವೆ. ಹುಳು ಬೆಳೆದಂತೆ ಗಿಡ್ಡ, ಉದ್ದ ಸರಪಳಿಗಳ ಪ್ರಮಾಣ ಬದಲಾಗುತ್ತದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಫಾಲ್ಕೊ ಡ್ರೈಫೌಟ್ ಮತ್ತು ಸಂಗಡಿಗರು ಇದನ್ನು ಅಭ್ಯಸಿಸಿದರು. ಅಮೆರಿಕದ ರಾಬಿ ಮೂಸಾ ಅವರು ತತ್ತಿಗಳ ರಾಸಾಯನಿಕ ಗುರುತಿನಿಂದಲೇ ನೊಣದ ಜಾತಿಯನ್ನು ಪತ್ತೆಹಚ್ಚುವ ದಾರಿ ತೋರಿದರು. ನೊಣ ಹಾರಿಹೋದ ಮೇಲೆ ಉಳಿಯುವ ಬರಿಯ ಕೋಶದಲ್ಲೂ ಆ ಲೇಪ ಬಹುಕಾಲ ನಿಲ್ಲುತ್ತದೆ.

ಆದರೆ ನೊಣದ ಗಡಿಯಾರ ನಡೆಯುವುದು ಊರಿನ ಬಿಸಿಲಿಗನುಸಾರವಾಗಿ. ಶಾಖ ಹೆಚ್ಚಿದಂತೆ ಹುಳು ಬೇಗ ಬೆಳೆಯುತ್ತದೆ. ತಂಪುನಾಡಿನ ಪ್ರಯೋಗಾಲಯದ ಕೋಷ್ಟಕವನ್ನು ನಮ್ಮ ಎರೆಹೊಲಕ್ಕೆ ಹಾಗೆಯೇ ಹಚ್ಚಿದರೆ ಸತ್ಯ ಒಂದೆರಡು ದಿನ ಆಚೀಚೆಯಾದೀತು. ಆ ಕೂಲಿಯವನಂಥವರಿಗೆ ಅಷ್ಟೇ ಸಾಕು, ಬಾಳು ಹಾಳಾಗಲು. ನಮ್ಮ ನೊಣಗಳ ಲೆಕ್ಕವನ್ನು ನಮ್ಮ ಬಿಸಿಲಿನಲ್ಲಿಯೇ ಬರೆಯಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ನಿಮ್ಮಲ್ಲಿ ಪೊಲೀಸರಾದವರಿದ್ದೀರಿ, ವೈದ್ಯರಾದವರಿದ್ದೀರಿ. ಹುಳುಗಳನ್ನು ಹೊಲಸೆಂದು ತೊಳೆದು ಚೆಲ್ಲಗೊಡಬೇಡಿ. ಕೆಲವನ್ನು ಜೀವಂತವಾಗಿ, ಕೆಲವನ್ನು ಮದ್ಯಸಾರದಲ್ಲಿ ತೆಗೆದಿರಿಸಿ, ಅಂದಿನ ಉಷ್ಣತೆಯನ್ನೂ ಬರೆದಿಡಿ. ಯಾರದೋ ನಿರ್ದೋಷಿತ್ವ ಅದರಲ್ಲಿದ್ದೀತು.